ಬಾಳಿಕೆ ಬರುವ ಓಣಿ ನೋಡಲು ಹೋದದ್ದು

ಗುಲಬರ್ಗಾದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನಗೆ ಸಿಕ್ಕಿದ್ದು ಹಿಂದಿನ ಗಾಲಿಯ ಮೇಲಿನ ಸೀಟು. ಹುಮನಾಬಾದಿಗೆ ಹದಿನಾಲ್ಕು ರೂಪಾಯಿ ಟಿಕೆಟ್ಟು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಸೀಟಿನ ಅಡಿಯಿಂದ ಗಡಗಡ ಸದ್ದು ಏಳುತ್ತಿತ್ತು, ಅದರೊಂದಿಗೆ ನನ್ನ ಎದೆಯೂ ಹಾರುತ್ತಿತ್ತು. ಗಡಿಯಾಚೆ ಲಾತೂರು ಕಡೆ ದೊಡ್ಡ ಭೂಕಂಪವಾಗಿ ಎರಡು ವರ್ಷ ಕಳೆದಿದ್ದರೂ ನೆಲದಡಿಯಿಂದ ಬರುವ ಯಾವ ಸದ್ದನ್ನೂ ನಾನು ಇನ್ನೂ ನಂಬುತ್ತಿರಲಿಲ್ಲ. ಆ ದಿನ ಬೆಳಗಿನ ಜಾವ ಗುಲಬರ್ಗಾದ ನಮ್ಮ ಮನೆಯಲ್ಲೂ ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ತಲೆಯ ಮೇಲಿನ ಮಾಳಿಗೆ ನೋಡುವುದು, ಆಮೇಲೆ ಬಾಗಿಲು ಎಷ್ಟು ದೂರವಿದೆಯೆಂದು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಇಂಥ ನನ್ನನ್ನೇ ನಮ್ಮ ಸಂಸ್ಥೆಯವರು ಈ ಕೆಲಸಕ್ಕೆ ಆರಿಸಿದ್ದರು. ಭೂಕಂಪದಲ್ಲಿ ಮನೆ ಬಿರುಕು ಬಿಟ್ಟವರಿಗೆಂದು ಹುಮನಾಬಾದಿನ ಹೊರಗೆ ನಾವು ಒಂದು ಕಾಲನಿ ಕಟ್ಟಿಕೊಟ್ಟು ವರ್ಷವಾಗಿತ್ತು. ಅಂಥದ್ದೇ ಇನ್ನೊಂದನ್ನು ಬಸವಕಲ್ಯಾಣದ ಹಳೆಯ ಗಲ್ಲಿಯೊಂದರ ಮಂದಿಗೆ ಕಟ್ಟುವ ವಿಚಾರ ನಡೆದಿತ್ತು. "ಮನೆ ಗಟ್ಟಿ ಇದೆಯೋ ಇಲ್ಲವೋ ಎಂಜಿನಿಯರು ಹೇಳುತ್ತಾರೆ. ಅಲ್ಲಿ ಮಂದಿ ಬಾಳುತ್ತಾರೆಯೇ, ಇನ್ನು ಹತ್ತಿಪ್ಪತ್ತು ವರ್ಷಕ್ಕೆ ಅದೊಂದು ಊರಾಗಿ ಉಳಿಯುತ್ತದೆಯೇ, ಅದನ್ನು ನೀವು ನೋಡಿಕೊಂಡು ಬನ್ನಿ. ಆಮೇಲೆ ಬಸವಕಲ್ಯಾಣದ್ದು ತೀರ್ಮಾನ ಮಾಡೋಣ" ಎಂದಿದ್ದರು ನಮ್ಮ ಮುಖ್ಯಸ್ಥರು. ಕೇಳಲು ಸುಲಭದ ಕೆಲಸ. ಆದರೆ ನಾನು ಹೌದು ಅಂದರೆ ಒಂದು ಇಡೀ ಗಲ್ಲಿ ಬುಡಸಮೇತ ಏಳಬೇಕು, ಬೇಡ ಅಂದರೆ ಅದೇ ಬಿರುಕು ಗೋಡೆಗಳ ಕೆಳಗೆ ಉಳಿಯಬೇಕು. ಯಾವ ಮಾತು ಆಡಲೂ ನನಗೆ ಧೈರ್ಯವಿರಲಿಲ್ಲ.

ಕಮಲಾಪುರದಲ್ಲಿ ಕಿಟಕಿಗೆ ಬಂದ ಕೆಂಪು ಬಾಳೆಹಣ್ಣು ಕೊಂಡೆ. ಮಳೆಗಾಲ ಮುಗಿಯುತ್ತ ಬಂದಿತ್ತು. ತೊಗರಿ ಸೊಂಟದೆತ್ತರ ಬೆಳೆದಿತ್ತು, ಉದ್ದು ಹೆಸರು ಕಿತ್ತ ಹೊಲಗಳನ್ನು ಜೋಳದ ಬಿತ್ತನೆಗೆ ಹರಗುತ್ತಿದ್ದರು. ಘಾಟಿನ ತಿರುವುಗಳನ್ನು ದಾಟಿ ಬಸ್ಸು ಹುಮನಾಬಾದ್ ಮುಟ್ಟಿದಾಗ ನಡುಹಗಲು. ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಉಂಡು, ಹುಡಗಿ ಎಂಬ ಊರಿನ ಕಡೆಗೆ ಹೋಗುವ ಜೀಪಿನಲ್ಲಿ ಕುಳಿತೆ. ಹುಡಗಿ ಇನ್ನೂ ದೂರವಿರುವಾಗಲೇ ಡ್ರೈವರ್ ಹೆದ್ದಾರಿಯ ಬದಿಗೆ ಜೀಪು ನಿಲ್ಲಿಸಿ, "ಇಳೀರಿ ಬಾಯಿ, ನಿಮ್ಮ ಕಾಲನಿ ಅಲ್ಲದ ನೋಡ್ರಿ" ಎಂದ.

ದೂರದಿಂದ ಅದು ಚೆಂದವೇ ಇತ್ತು. ಬಯಲಿನಲ್ಲಿ ಸಾಲಾಗಿ ಸಿಮೆಂಟಿನ ಬಿಳಿ ಮನೆಗಳು. ಹತ್ತಿರ ಹೋದಂತೆ ಸದ್ದಿಲ್ಲದ್ದು ಗಮನಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಯಾವ ಓಣಿಯಲ್ಲಾದರೂ ಪಾತ್ರೆ ತಿಕ್ಕುವ ಸದ್ದೋ ಕೂಸಿನ ಅಳುವೋ ಕೇಳಬೇಕು, ಇಲ್ಲಿ ಬೋರಿಂಗಿನ ಹಿಡಿಕೆ ಗಾಳಿಗೆ ಕಿರುಗುಟ್ಟುವುದು ಮಾತ್ರ ಕೇಳುತ್ತಿತ್ತು. ಎಲ್ಲ ಮನೆಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಹಾಗಾಗಿ ಒಬ್ಬರು ಬಾಗಿಲು ತೆರೆದರೆ ಕಾಣುವುದು ಮುಂದಿನ ಸಾಲಿನವರ ಹಿಂಗೋಡೆ. ಕೆಲವು ಮನೆಗಳಿಗೆ ಬೀಗ. ಒಂದರ ಕಿಟಕಿಯಲ್ಲಿ ಇಣುಕಿದೆ, ಒಳಗೆ ಮಾಳಿಗೆ ಮುಟ್ಟುವಂತೆ ಜೋಳದ ಕಣಿಕೆ ಒಟ್ಟಿದ್ದರು. ಮನೆಯನ್ನು ಮೇವಿಗೆ ಬಿಟ್ಟುಕೊಟ್ಟು ಮಂದಿ ತಮ್ಮ ಹಳೆಯ ಮಣ್ಣಿನ ಮನೆಗೆ ತಿರುಗಿ ಹೋಗಿದ್ದರು.

ಬೋರಿಂಗಿನ ಹತ್ತಿರ ಒಬ್ಬ ಮುದುಕಿ ಕೊಡ ತುಂಬುತ್ತಿದ್ದಳು. ಹೆಸರು ಕಾಶೀಬಾಯಿ. ಅರವತ್ತರ ಆಸುಪಾಸು, ಗಂಡನಿಲ್ಲ, ಕೂಲಿಗೆ ಹೋಗಿ ಬದುಕುವವಳು. ನಾನು ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ಹೇಳಿದ ಮೇಲೆ ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಒಂದೇ ಕೋಣೆ, ಗೋಡೆಗೆ ಬುದ್ಧನ ಪಟ, ಮೂಲೆಯಲ್ಲಿ ಒಲೆ. ನಾನು ಅಭ್ಯಾಸದಂತೆ ಮೇಲೆ ನೋಡಿದೆ. ಸಿಮೆಂಟಿನ ಮಾಳಿಗೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಬಾಗಿಲು ನಾಲ್ಕು ಹೆಜ್ಜೆಯಲ್ಲೇ ಇತ್ತು. ಮನಸ್ಸು ತುಸು ಹಗುರಾಯಿತು.

"ಮನೆ ಗಟ್ಟಿ ಇದೆಯಲ್ಲ ಆಯಿ" ಎಂದೆ.

"ಮನಿ ಗಟ್ಟಿ ಅದರಿ. ಅದಕ್ಕೇನೂ ಅನ್ನಂಗಿಲ್ಲ" ಎಂದು ಅವಳು ಚಹಾಕ್ಕೆ ನೀರಿಟ್ಟಳು. "ಆದರ ಮಂದಿ ಯಾರ ಅದಾರರೀ ಇಲ್ಲಿ? ಚೀಟಿ ಎತ್ತಿ ಮನಿ ಹಂಚಿದ್ರಿ ನೀವು. ನಮ್ಮ ಓಣಿ ಮಂದಿ ಚೆಲ್ಲಾಪಿಲ್ಲಿ ಆದ್ರು, ನಾಕೈದು ಮನಿ ಹಿಂದಿನ ಸಾಲಿಗೆ ಹೋದ್ರು. ನನ್ನ ಚೀಟಿ ಇಲ್ಲಿ ಬಂತು. ಈ ಬಾಜೂ ಮನಿಯವರಿಗೆ ನಮ್ಮ ಜಾತಿ ಬ್ಯಾಡ, ಅವರ ಜೋಡಿ ಮಾತಾಡಾಕ ನನಗ ಅಂಜಿಕಿ. ವರ್ಷ ಆತು, ಗ್ವಾಡಿಗೆ ಗ್ವಾಡಿ ಹಚ್ಚಿ ಅದೀವಿ. ಕದಾ ಹಾಕ್ಕೊಂಡು ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು."

ಚೀಟಿ ಎತ್ತುವುದು ನ್ಯಾಯದ ದಾರಿಯೆಂದು ನಾವೆಲ್ಲ ನಂಬಿದ್ದೆವು. ಯಾರಿಗೂ ಪಕ್ಷಪಾತವಾಗಬಾರದು ಎಂಬುದೊಂದೇ ಆಗ ನಮಗೆ ಕಂಡದ್ದು.

ಚಹಾ ಸೋಸಿ ಕೊಟ್ಟು ಅವಳೇ ದನಿ ತಗ್ಗಿಸಿ ಹೇಳಿದಳು. ಬೇಸಿಗೆಯಲ್ಲಿ ಮೂರನೇ ಸಾಲಿನ ಒಂದು ಮನೆಯಲ್ಲಿ ಬಸುರಿ ಹೆಣ್ಣುಮಗಳೊಬ್ಬಳು ಒಬ್ಬಳೇ ಇದ್ದಳಂತೆ. ಗಂಡ ಕೆಲಸಕ್ಕೆ ಹೋಗಿದ್ದ. ನಡುಹಗಲು ನೋವು ಬಂದಿತ್ತು.

"ಒದರಿದಳು ಖರೇ. ನಾನೂ ಕೇಳೀನಿ. ಯಾವ ಮನ್ಯಾಗೋ ಜಗಳ ನಡದದ ಅಂದ್ಕೊಂಡೆ. ಎಲ್ಲಾರೂ ಹಂಗೇ ಅಂದ್ಕೊಂಡಾರ. ಆಕಿ ದನಿ ಯಾರಿಗೆ ಗುರುತದರೀ? ಗಂಡ ಸಂಜೀಕ ಬಂದು ನೋಡಿದ. ತಾಯಿ ಉಳದಳು, ಕೂಸು ಹೋತು. ಮನಿಗೆ ಬೀಗ ಹಾಕಿ ಜಹೀರಾಬಾದ ಕಡಿ ಹೋದ್ರು." ಅವಳು ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕುತ್ತ ಕುಳಿತಳು. "ಅವತ್ತಿನಿಂದ ನನಗ ಕದಾ ಹಾಕಾಕೂ ಅಂಜಿಕಿ, ತೆರದು ಮಲಗಾಕೂ ಅಂಜಿಕಿ."

ಸೂರ್ಯ ಇಳಿಯುವ ಮೊದಲೇ ಕಾಲನಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಬಾಜೂ ಮನೆಯ ಹೆಂಗಸು ಹೊರಗೆ ಒಣಹಾಕಿದ ಬಟ್ಟೆ ತೆಗೆದುಕೊಂಡಳು. ಮೂವತ್ತು ವರ್ಷದವಳಿರಬಹುದು. ನನ್ನನ್ನು ನೋಡಿದಳು, ಕಾಶೀಬಾಯಿಯ ಹೊಸ್ತಿಲ ಮೇಲೆ ನಾನು ನಿಂತದ್ದನ್ನು ನೋಡಿದಳು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹೆದ್ದಾರಿಯವರೆಗೆ ನಡೆಯುವಾಗ ಆ ಬಿಳಿ ಗೋಡೆಗಳ ನಡುವೆ ನನ್ನ ಚಪ್ಪಲಿಯ ಸದ್ದಿಗೆ ನಾನೇ ಬೆಚ್ಚಿದೆ. ಆ ರಾತ್ರಿ ಹುಮನಾಬಾದಿನ ಲಾಡ್ಜಿನಲ್ಲಿ ಕಳೆದೆ.

ಮರುದಿನ ಬೆಳಿಗ್ಗೆ ಬಸವಕಲ್ಯಾಣದ ಬಸ್ಸು. ಹೆದ್ದಾರಿಯಲ್ಲಿ ಸೊಲ್ಲಾಪುರದ ಕಡೆಗೆ ಹೋಗುವ ಲಾರಿಗಳ ಸಾಲು, ರಾಜೇಶ್ವರ ದಾಟಿದ ಮೇಲೆ ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿ ಬಿಟ್ಟು ತಿರುಗಿತು. ಸ್ಟ್ಯಾಂಡಿನಲ್ಲಿ ಶರಣಪ್ಪನವರು ಕಾಯುತ್ತಿದ್ದರು. ಹಣೆಗೆ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ, ಐವತ್ತರ ವಯಸ್ಸು. ನಾನು ನೋಡಬೇಕಾದ ಗಲ್ಲಿಯಲ್ಲಿ ಅವರದು ಕಿರಾಣಿ ಅಂಗಡಿ. ಗಲ್ಲಿಯ ಪರವಾಗಿ ನಮ್ಮ ಆಫೀಸಿಗೆ ಎರಡು ಸಲ ಬಂದು ಮನೆ ಕೇಳಿದವರೂ ಅವರೇ.

ಮೊದಲು ನನ್ನನ್ನು ನಾರಾಯಣಪುರದ ದಾರಿಗೆ ಕರೆದೊಯ್ದರು. ಹೊಸ ಮನೆಗಳಿಗೆ ಗೊತ್ತುಮಾಡಿದ ಜಾಗ ಅಲ್ಲಿತ್ತು. ಸಮತಟ್ಟಾದ ಬಯಲು, ಒಂದು ಬದಿಗೆ ಬೇವಿನ ಮರಗಳು, ಸಿಹಿನೀರಿನ ಬಾವಿ. ಊರಿಗೆ ನಡೆದೇ ಹೋಗಿಬರಬಹುದು. ಜಾಗದಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಆದರೆ ಅಲ್ಲಿ ನಿಂತಾಗ ಹಿಂದಿನ ದಿನದ ಬಿಳಿ ಗೋಡೆಗಳೇ ಕಣ್ಣಿಗೆ ಕಟ್ಟುತ್ತಿದ್ದವು.

"ಹ್ಯಾಂಗದರಿ ಜಾಗಾ?" ಎಂದು ಶರಣಪ್ಪನವರು ಕೇಳಿದರು.

"ಜಾಗ ಒಳ್ಳೆಯದಿದೆ" ಎಂದಷ್ಟೇ ಹೇಳಿದೆ.

ಗಲ್ಲಿ ಕೋಟೆಯ ಕಡೆಗಿತ್ತು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಮಣ್ಣಿನ ಗಿಲಾವಿನಲ್ಲಿ ಕಲ್ಲು ಕೂಡಿಸಿದ ದಪ್ಪ ಗೋಡೆಗಳು, ಅವುಗಳ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು ಹೇರಿದ ಮಾಳಿಗೆ. ಪ್ರತಿ ಮಳೆಗಾಲಕ್ಕೂ ಸೋರದಂತೆ ಹೊಸ ಮಣ್ಣು ಹಾಕಿ ಹಾಕಿ ಆ ಮಾಳಿಗೆಗಳು ಮೊಣಕಾಲೆತ್ತರ ಆಗಿದ್ದವು. ಗಡಿಯಾಚೆ ಮಂದಿಯನ್ನು ಹೂತುಹಾಕಿದ್ದು ಇಂಥದೇ ಮಾಳಿಗೆಗಳು. ಗೋಡೆಗಳಲ್ಲಿ ಮೇಲಿನಿಂದ ಕೆಳಗೆ ಇಳಿದ ಬಿರುಕುಗಳಿಗೆ ಸಗಣಿ ಮೆತ್ತಿದ್ದರು, ಸಗಣಿಯೂ ಬಿರುಕು ಬಿಟ್ಟಿತ್ತು. ಗಲ್ಲಿ ಮುಗಿಯುವಲ್ಲಿನ ಬಯಲಿನಲ್ಲಿ ತಗಡು ಹೊದಿಸಿದ ಒಂದು ಪತ್ರಾ ಶೆಡ್ಡು. ಭೂಕಂಪದ ನಂತರ ಇಡೀ ಗಲ್ಲಿ ರಾತ್ರಿ ಅಲ್ಲೇ ಮಲಗುತ್ತಿತ್ತು. ಹಗಲು ಅಡುಗೆ, ವ್ಯಾಪಾರ, ಪೂಜೆ, ನಮಾಜು ಎಲ್ಲ ಮನೆಗಳಲ್ಲಿ.

ಆದರೆ ಎಂಥ ಗದ್ದಲದ ಗಲ್ಲಿ ಅದು! ಈ ಮನೆಯ ಒಗ್ಗರಣೆಗೆ ಆ ಮನೆಯವರು ಸೀನುತ್ತಿದ್ದರು. ಶರಣಪ್ಪನವರ ಎದುರು ಮನೆ ಚಾಂದಸಾಬರದು. ಅವರು ಕಟ್ಟಡದ ಕೆಲಸದವರು. ಅವರ ಹೆಂಡತಿ ಹಸೀನಾ ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಲೇ ಶರಣಪ್ಪನವರ ಅಂಗಡಿಗೆ ಬಂದ ಗಿರಾಕಿಗೆ ಸಕ್ಕರೆಯ ದರ ಹೇಳುತ್ತಿದ್ದಳು.

ಶರಣಪ್ಪನವರ ಪಡಸಾಲೆಯ ಗೂಡಿನಲ್ಲಿ ಸ್ಟೀಲಿನ ಲೋಟಗಳನ್ನು ಒಂದರ ಮೇಲೊಂದು ಬೋರಲಾಗಿ ಎತ್ತರಕ್ಕೆ ಇಟ್ಟಿದ್ದರು. ಇದೇನೆಂದು ಕೇಳಿದೆ.

"ಅದು ನಮ್ಮ ಗಂಟಿ ರೀ ಮೇಡಮ್" ಎಂದು ಅವರು ನಕ್ಕರು. "ನೆಲಾ ಜರಾ ಅಳ್ಳಾಡಿದ್ರೂ ಬೀಳ್ತಾವ. ಬಿದ್ದ ಸಪ್ಪಳ ಕೇಳಿದ್ರ ನಾವು ಹೊರಗ ಓಡ್ತೀವಿ. ಎಲ್ಲಾರ ಮನ್ಯಾಗೂ ಹಿಂಗೇ ಇಟ್ಟಾರ."

ಅವರ ನಗುವಿನಲ್ಲಿ ನಾನು ಪಾಲುಗೊಳ್ಳಲಾಗಲಿಲ್ಲ. ಅಲ್ಲಿಂದ ಮುಂದೆ ಕಣ್ಣು ಆ ಲೋಟಗಳ ಮೇಲೆಯೇ ಇತ್ತು.

ಅವರ ತಾಯಿ ಗುರಮ್ಮ ಒಳಮನೆಯಲ್ಲಿದ್ದರು. ಸೊಂಟ ಮುರಿದು ಹೊರಸು ಹಿಡಿದವರು. ಶೆಡ್ಡಿಗೂ ಬರಲು ಒಪ್ಪದೆ ಹಗಲು ರಾತ್ರಿ ಅದೇ ಕತ್ತಲೆ ಕೋಣೆಯಲ್ಲಿ ಮಲಗಿರುತ್ತಿದ್ದರು. "ಮೇಡಮ್, ನೀವೇ ಜರಾ ತಿಳಿಸಿ ಹೇಳ್ರಿ" ಎಂದು ಶರಣಪ್ಪನವರು ನನ್ನನ್ನು ಒಳಗೆ ಬಿಟ್ಟು, ಅಂಗಡಿಗೆ ಯಾರೋ ಕೂಗಿದರೆಂದು ಹೊರಗೆ ಹೋದರು. ಕೋಣೆಗೆ ಕಿಟಕಿಯಿರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಮೊಳ ಬಿಸಿಲು ಹೊರಸಿನ ಕಾಲಿನ ಮೇಲೆ ಬಿದ್ದಿತ್ತು. ಹೊರಬಾಗಿಲಿಗೆ ಹೋಗಲು ಈ ಕೋಣೆ ದಾಟಬೇಕು, ನಡುಮನೆ ದಾಟಬೇಕು, ಪಡಸಾಲೆ ದಾಟಬೇಕು.

"ಬಾ ತಂಗಿ, ಕೂಡು" ಎಂದರು ಗುರಮ್ಮ. "ನನ್ನ ಗಂಡ ಜೀವಾ ಬಿಟ್ಟದ್ದು ಇದೇ ಖೋಲಿಯೊಳಗ. ನಾ ಎಲ್ಲಿಗೂ ಬರಂಗಿಲ್ಲ. ಬಿದ್ರ ಬೀಳಲಿ."

ನಾನು ಹೊರಸಿನ ಅಂಚಿಗೆ ಕುಳಿತು ಏನೋ ಹೇಳಲು ಬಾಯಿ ತೆರೆದೆ. ಆಗ ದೂರದಲ್ಲಿ ಲಾರಿ ಬಂದಂತೆ ಸದ್ದಾಯಿತು. ಲಾರಿ ಎಂದೇ ಅಂದುಕೊಂಡೆ. ಆಮೇಲೆ, ಈ ಗಲ್ಲಿಯಲ್ಲಿ ಸೈಕಲ್ಲೇ ಕಷ್ಟದಿಂದ ಬರುತ್ತದೆ, ಲಾರಿ ಎಲ್ಲಿಂದ ಬಂತು ಎಂದು ಹೊಳೆಯುವಷ್ಟರಲ್ಲಿ ಪಡಸಾಲೆಯಲ್ಲಿ ಲೋಟಗಳು ಸುರಿದವು.

ಹೊರಸು ತಾನಾಗಿ ಸರಿಯಿತು. ಜಂತಿಗಳು ಕಟಕಟ ಹಲ್ಲು ಕಡಿದಂತೆ ಸದ್ದು ಮಾಡಿದವು. ತಲೆಯ ಮೇಲೆ, ಕುತ್ತಿಗೆಯೊಳಗೆ, ಬಾಯಿಯೊಳಗೆ ಮಣ್ಣು. ಬೆಳಕಿಂಡಿಯ ಬಿಸಿಲು ಧೂಳಿನಲ್ಲಿ ಮುಚ್ಚಿಹೋಯಿತು. ಎರಡು ವರ್ಷದಿಂದ ಎಲ್ಲೆಲ್ಲೂ ಬಾಗಿಲು ಎಷ್ಟು ದೂರವೆಂದು ಅಳೆಯುತ್ತ ಬಂದಿದ್ದೆ, ಈಗ ಕಾಲೇ ಏಳಲಿಲ್ಲ. ಗುರಮ್ಮ ನನ್ನ ಮುಂಗೈಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರು.

"ಬಿಟ್ಟು ಹೋಗಬ್ಯಾಡ ತಂಗಿ, ನನ್ನ ಬಿಟ್ಟು ಹೋಗಬ್ಯಾಡ!" ಈಗಷ್ಟೇ ಬಿದ್ದರೆ ಬೀಳಲಿ ಅಂದಿದ್ದ ದನಿ ಅದಾಗಿರಲಿಲ್ಲ.

ಬಾಗಿಲಲ್ಲಿ ಕಪ್ಪಗೆ ಇಬ್ಬರು ಕಂಡರು. ಎಲ್ಲರೂ ಹೊರಗೆ ಓಡುವ ಹೊತ್ತಿನಲ್ಲಿ ಶರಣಪ್ಪನವರೂ ಚಾಂದಸಾಬರೂ ಒಳಗೆ ಓಡಿ ಬಂದಿದ್ದರು. ಇಬ್ಬರೂ ಮಾತಿಲ್ಲದೆ ಹೊರಸಿನ ಎರಡು ತುದಿ ಹಿಡಿದರು. ನಡುಮನೆಯ ಬಾಗಿಲಲ್ಲಿ ಹೊರಸು ಸಿಕ್ಕಿಕೊಂಡಿತು. "ಓರೆ ಮಾಡು ಶರಣಪ್ಪಣ್ಣಾ, ಓರೆ ಮಾಡು!" ಎಂದು ಚಾಂದಸಾಬರು ಕೂಗಿದರು. ಗುರಮ್ಮ ಕೈ ಬಿಡದೆ ಇದ್ದುದರಿಂದ ನಾನೂ ಹೊರಸಿನೊಂದಿಗೆ ಎಳೆಯಲ್ಪಟ್ಟು ಹೊರಬಿದ್ದೆ. ನಾವು ಬಿಸಿಲಿಗೆ ಬಂದ ಹೊತ್ತಿಗೆ ಎಲ್ಲೋ ಹಿಂದೆ ದೊಪ್ಪೆಂದು ಗೋಡೆ ಕುಸಿದ ಸದ್ದು ಕೇಳಿತು. ಆಮೇಲೆ ನೆಲ ಸುಮ್ಮನಾಯಿತು.

ನಿಜವಾಗಿ ಅದು ಸಣ್ಣ ನಡುಕ. ನೀರು ಕುಡಿದು ಮುಗಿಸುವಷ್ಟು ಹೊತ್ತೂ ಇದ್ದಿರಲಿಕ್ಕಿಲ್ಲ. ಆದರೆ ಬಯಲಿನಲ್ಲಿ ನಿಂತಾಗ ನನ್ನ ಹಲ್ಲುಗಳು ಇನ್ನೂ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಸುತ್ತ ಹೆಸರುಗಳ ಕೂಗು. ಒಬ್ಬೊಬ್ಬರೂ ತಮ್ಮ ಮಕ್ಕಳನ್ನಷ್ಟೇ ಅಲ್ಲ, ಬಾಜೂ ಮನೆಯವರನ್ನು, ಎದುರು ಮನೆಯವರನ್ನು ಹೆಸರು ಹಿಡಿದು ಕೂಗುತ್ತಿದ್ದರು. ಗಲ್ಲಿಯ ಆ ತುದಿಯಿಂದ ಉತ್ತರ ಬರುತ್ತಿತ್ತು. "ಗುರಮ್ಮ ಬಂದ್ಳೇನು?" "ಬಂದ್ಳು!" "ಚಾಂದಭಾಯಿ ಎಲ್ಲ್ಯಾನ?" "ಇಲ್ಲೇ ಅದಾನ!" ಧೂಳಿನೊಳಗಿಂದ ಹಸೀನಾಳ ದನಿ ಕೇಳಿತು: "ಗುಲಬರ್ಗಾದ ಬಾಯಿ ಎಲ್ಲಿ? ಆ ಬಾಯಿ ಒಳಗ ಇದ್ಳು!" ಕೈಯೆತ್ತಿ ತೋರಿಸಿದೆ. ಅವಳು ಬಂದು ತನ್ನ ಸೆರಗಿನಿಂದ ನನ್ನ ಮುಖದ ಮಣ್ಣು ಒರೆಸಿದಳು.

ಯಾರೂ ಸತ್ತಿರಲಿಲ್ಲ. ಎರಡು ಮನೆಯಾಚೆ ಒಂದು ಹಿಂಗೋಡೆ ಪೂರ್ತಿ ಮಲಗಿತ್ತು, ಆ ಕೋಣೆಯಲ್ಲಿ ಆಗ ಯಾರೂ ಇರಲಿಲ್ಲ. ಶರಣಪ್ಪನವರ ಒಳಮನೆಯ ಒಂದು ಜಂತಿ ಗೋಡೆಯಿಂದ ಕಳಚಿ ನೇತಾಡುತ್ತಿತ್ತು.

ಸಂಜೆ ಶೆಡ್ಡಿನ ಮುಂದೆ ಎಲ್ಲರೂ ಕುಳಿತಿದ್ದರು. ಯಾರೋ ದೊಡ್ಡ ಪಾತ್ರೆಯಲ್ಲಿ ಖಿಚಡಿ ಮಾಡಿದ್ದರು. ಗುರಮ್ಮ ಹೊದ್ದುಕೊಂಡು ನಡುಗುತ್ತಿದ್ದರು. "ನಾ ಇನ್ನ ಒಳಗ ಹೋಗಂಗಿಲ್ಲ, ನನ್ನ ಎಲ್ಲಿಗಾದ್ರೂ ಒಯ್ಯಿರಿ" ಎಂದು ಅದನ್ನೇ ಅನ್ನುತ್ತಿದ್ದರು. ಶರಣಪ್ಪನವರು ನನ್ನ ಎದುರಿಗೆ ಬಂದು ಕುಳಿತರು.

"ನೀವು ಹುಮನಾಬಾದ ಕಾಲನಿ ನೋಡಿ ಬಂದೀರಿ. ನಾವು ಈಗಿಂದೀಗ ಹೋಗಾಕ ತಯಾರ ಅದೀವಿ. ಆದರ ಖರೇ ಹೇಳ್ರಿ ಮೇಡಮ್. ಅಲ್ಲಿ ಮಂದಿ ಛಲೋ ಅದಾರೇನ್ರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ಬೆಳಿಗ್ಗೆಯಾಗಿದ್ದರೆ ನಾಲ್ಕು ಮೃದು ಮಾತಿನಲ್ಲಿ ಮುಗಿಸುತ್ತಿದ್ದೆನೇನೋ. ಈಗ ಏನು ಹೇಳಿದರೂ ಭಯವೇ. ಇದ್ದದ್ದನ್ನು ಹೇಳಿದರೆ ಇವರು ಹೆದರಿ ಇಲ್ಲೇ ಉಳಿದುಬಿಟ್ಟರೆ? ಮುಂದಿನ ನಡುಕ ಎಲ್ಲರೂ ಒಳಗಿದ್ದಾಗ ಬಂದರೆ? ಆದರೂ ನನ್ನ ಮುಖ ಒರೆಸಿದವಳು ಎದುರಿಗೇ ಕುಳಿತಿದ್ದಳು. ಬೀಗ ಹಾಕಿದ ಮನೆಗಳು, ಕಣಿಕೆ, ಚೀಟಿ, ಒದರಿದ ಬಸುರಿ, ಎಲ್ಲವನ್ನೂ ಹೇಳಿದೆ.

ಚಾಂದಸಾಬರು ಬೀಡಿ ಆರಿಸಿದರು.

"ಅಂದ್ರ ಇಲ್ಲಿ ಇದ್ರ ಮಣ್ಣಾಗ ಸಾಯ್ತೀವಿ, ಅಲ್ಲಿ ಹೋದ್ರ ಒಬ್ಬೊಬ್ಬರೇ ಸಾಯ್ತೀವಿ" ಎಂದರು.

"ಒಬ್ಬೊಬ್ಬರೇ ಯಾಕ ಹೋಗಬೇಕು?" ಹಸೀನಾ ಗಂಡನ ಮೇಲೆ ಸಿಟ್ಟಾದಂತೆ ಅಂದಳು. "ಗಲ್ಲಿಗೆ ಗಲ್ಲೀನೇ ಒಯ್ಯಿರಿ ಅನ್ರಿ. ನನ್ನ ಬಾಗಲಾ ತೆರದ್ರ ಎದುರಿಗಿ ಈ ಗುರಮ್ಮಾಯಿ ಬಾಗಲಾ ಇರಬೇಕು. ಯಾರ ಬಾಜೂಕ ಯಾರು ಅಂತ ನಾವು ಹೇಳ್ತೀವಿ, ನೀವು ಹಂಗ ಕಟ್ರಿ. ಚೀಟಿ ಗೀಟಿ ಬಿಲ್ಕುಲ್ ಬ್ಯಾಡ."

"ಹಂಗ ಕಟ್ಟಿಕೊಡ್ತಾರೇನ್ರಿ?" ಎಂದು ಶರಣಪ್ಪನವರು ಕೇಳಿದರು.

"ಕೇಳುತ್ತೇನೆ" ಎಂದೆ. ಅದಕ್ಕಿಂತ ದೊಡ್ಡ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಆ ರಾತ್ರಿ ಶೆಡ್ಡಿನಲ್ಲಿ ಹೆಂಗಸರ ನಡುವೆ ನಾನೂ ಮಲಗಿದೆ. ಪತ್ರಾದ ಕೆಳಗೆ, ಆ ಗೊರಕೆ ಕೆಮ್ಮುಗಳ ನಡುವೆ, ನನಗೆ ನಿದ್ದೆ ಬಂದದ್ದು ಈಗಲೂ ಆಶ್ಚರ್ಯ.

ಮೂರನೆಯ ದಿನ ಹುಮನಾಬಾದಿನ ಬಸ್ಸಿನಲ್ಲಿ ಕಂಡಕ್ಟರು ಯಾರಿಗೋ ಹೇಳುತ್ತಿದ್ದ, ನಿನ್ನೆ ಅಲ್ಲಿಯೂ ನೆಲ ನಡುಗಿತಂತೆ, ಮಂದಿ ರಾತ್ರಿಯೆಲ್ಲ ಹೊರಗೇ ಇದ್ದರಂತೆ. ನನಗೆ ಕಾಶೀಬಾಯಿಯ ನೆನಪಾಯಿತು. ಆ ಮನೆಗಳು ಗಟ್ಟಿ, ಏನೂ ಆಗಿರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹುಮನಾಬಾದಿನಲ್ಲಿ ಗುಲಬರ್ಗಾದ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಹತ್ತಲು ಮನಸ್ಸಾಗದೆ ಹುಡಗಿಯ ಜೀಪಿನತ್ತ ನಡೆದೆ.

ಕಾಲನಿಯವರು ರಸ್ತೆಯಾಚೆಯ ಬಯಲಿನಲ್ಲಿ ರಾತ್ರಿ ಕಳೆದು, ಹಾಸಿಗೆ ಸುತ್ತಿಕೊಂಡು ಮರಳುತ್ತಿದ್ದರು. ಒಂದು ಗೋಡೆಯೂ ಬಿದ್ದಿರಲಿಲ್ಲ. ಮನೆಗಳು ಗಟ್ಟಿಯೆಂದು ಎಂಜಿನಿಯರು ಹೇಳಿದ್ದು ಸುಳ್ಳಾಗಿರಲಿಲ್ಲ. ಕಾಶೀಬಾಯಿಯ ಬಾಗಿಲು ಮುಚ್ಚಿತ್ತು. ಬಾಜೂ ಮನೆಯ ಹೆಂಗಸು ಹೊಸ್ತಿಲಲ್ಲಿ ಕುಳಿತಿದ್ದಳು.

"ಈ ಮನೆಯ ಆಯಿ ಎಲ್ಲಿ?" ಎಂದು ಕೇಳಿದೆ.

"ಗೊತ್ತಿಲ್ರಿ. ಅವರ ಮಂದಿ ಹಿಂದಿನ ಸಾಲಿನ್ಯಾಗ ಅದಾರ, ಅಲ್ಲಿಗಿ ಹೋಗಿರಬೇಕು."

ಹಿಂದಿನ ಸಾಲಿಗೆ ಹೋದೆ. ಅಲ್ಲಿನವರು ಒಬ್ಬರ ಮುಖ ಒಬ್ಬರು ನೋಡಿದರು. "ಇಲ್ಲಿ ಬಂದಿಲ್ರಿ. ಮುಂದಿನ ಸಾಲಿನವರ ಜೋಡಿ ಬಯಲಾಗ ಇರಬೇಕು ಅಂತ ನಾವು ತಿಳದೀವಿ" ಎಂದ ಒಬ್ಬ.

ಓಡುತ್ತ ತಿರುಗಿ ಬಂದೆ. ಆಗ ನೋಡಿದೆ, ಬಾಗಿಲಿಗೆ ಹೊರಗಿನಿಂದ ಬೀಗವಿರಲಿಲ್ಲ. ಕದ ತಳ್ಳಿದೆ, ಅಲುಗಲಿಲ್ಲ. ಎರಡೂ ಕೈಯಿಂದ ಬಡಿದೆ. ಬಾಜೂ ಮನೆಯ ಹೆಂಗಸು ಎದ್ದು ಬಂದು ನನ್ನ ಪಕ್ಕ ನಿಂತಳು. ಅವಳೂ ಬಡಿದಳು. ಕೂಗಲೆಂದು ಬಾಯಿ ತೆರೆದವಳು ತಡೆದು ನನ್ನ ಕಡೆ ತಿರುಗಿದಳು.

"ಅವರ ಹೆಸರೇನ್ರಿ?"

ಹೇಳಿದೆ. ಅವಳು ಆ ಹೆಸರನ್ನು ಒಮ್ಮೆ ಮೆಲ್ಲಗೆ ಅಂದುಕೊಂಡಳು. ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿ, "ಕಾಶೀಬಾಯಿ! ಓ ಕಾಶೀಬಾಯಿ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಒಳಗೆ ಹಲಗೆಯನ್ನು ಉಗುರಿನಿಂದ ಕೆರೆದಂಥ ಸದ್ದು ಕೇಳಿತು.

ಹಿಂದಿನ ಸಾಲಿನಿಂದ ಒಬ್ಬ ಹಾರೆ ತಂದು ಮೀಟಿದ. ಚೌಕಟ್ಟು ಸರಿದು ಕದ ಬಿಗಿದುಕೊಂಡಿತ್ತು. ನಾಲ್ಕಾರು ಜನ ಸೇರಿ ತಿರುಗಣಿಯಿಂದಲೇ ಅದನ್ನು ಕಿತ್ತರು. ಕಾಶೀಬಾಯಿ ಬಾಗಿಲ ಹಿಂದೆಯೇ ನೆಲದ ಮೇಲೆ ಬಿದ್ದಿದ್ದಳು. ನಡುಕಕ್ಕೆ ಎದ್ದು ಓಡುವಾಗ ಎಡವಿ ಬಿದ್ದು ಕಾಲು ಹೊರಳಿತ್ತು, ಏಳಲಾಗಿರಲಿಲ್ಲ. 'ಒದರಿದೆ' ಎಂದು ತುಟಿಯಾಡಿಸಿದಳು, ದನಿ ಬರಲಿಲ್ಲ. ಹಿಂದಿನ ಮಧ್ಯಾಹ್ನದಿಂದ ಅವಳು ಅಲ್ಲೇ ಇದ್ದಳು.

ಬಾಜೂ ಮನೆಯವಳು ಹೊಸ್ತಿಲ ಹೊರಗೆ ನಿಂತಿದ್ದಳು. ಒಳಗೆ ಬರುವಳೋ ಇಲ್ಲವೋ ಎಂದು ನಾನು ನೋಡಿದೆ. ಅವಳು ತನ್ನ ಮನೆಗೆ ಓಡಿದಳು. ಹೋದಳು ಅಂದುಕೊಂಡೆ. ನೀರಿನ ಲೋಟ ಹಿಡಿದು ಬಂದು, ಹೊಸ್ತಿಲು ದಾಟಿ, ಕಾಶೀಬಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಂಥ ಸ್ಥಿತಿಯಲ್ಲೂ ಕಾಶೀಬಾಯಿ ಮುಖ ಹೊರಳಿಸಿ, "ಬ್ಯಾಡರೀ... ನಿಮ್ಮ ಲೋಟಾ..." ಎಂದು ಪಿಸುಗುಟ್ಟಿದಳು.

"ಕುಡೀರಿ ಆಯಿ. ಮೊದಲ ನೀರು ಕುಡೀರಿ" ಎಂದಳು ಅವಳು. ಲೋಟವನ್ನು ಕಾಶೀಬಾಯಿಯ ತುಟಿಗೆ ಹಚ್ಚಿದಳು.

ರತ್ನಾಬಾಯಿ ಎಂದು ಅವಳ ಹೆಸರು. ಗಂಡ ಹಳ್ಳಿಖೇಡದ ಕಡೆಗೆ ಕಬ್ಬಿನ ಲಾರಿ ಓಡಿಸುತ್ತಿದ್ದ. ಇದೆಲ್ಲ ಹುಮನಾಬಾದಿನ ದವಾಖಾನೆಯ ಬೆಂಚಿನಲ್ಲಿ ಕುಳಿತಾಗ ತಿಳಿಯಿತು. ಕಾಶೀಬಾಯಿಯನ್ನು ಜೀಪಿನಲ್ಲಿ ಕರೆದೊಯ್ಯುವಾಗ ಅವಳೂ ಹತ್ತಿಕೊಂಡಿದ್ದಳು. "ಕದಾ ಬಡದ ಸಪ್ಪಳ ನಿನ್ನಿ ಕೇಳಿದಂಗ ಆಗಿತ್ರಿ. ನನ್ನ ಎದಿನೇ ಬಡ್ಕೊಳ್ಳಾಕತ್ತದ ಅಂದ್ಕೊಂಡು ಓಡೀನಿ" ಎಂದು ಒಮ್ಮೆ ಅಂದಳು. ಕಾಶೀಬಾಯಿಯ ಎಲುಬು ಮುರಿದಿರಲಿಲ್ಲ. ಡಾಕ್ಟರು ಬಿಗಿಯಾಗಿ ಪಟ್ಟಿ ಸುತ್ತಿ, ಕಾಲು ಊರಬಾರದೆಂದು ಹೇಳಿ ಕಳಿಸಿದರು.

ಗುಲಬರ್ಗಾಕ್ಕೆ ಬಂದು ನಾನು ಮುಖ್ಯಸ್ಥರ ಮುಂದೆ ಹೇಳಿದ್ದು ಉದ್ದದ ಮಾತಲ್ಲ. ಹುಮನಾಬಾದಿನ ಮನೆಗಳು ಉಳಿಯುತ್ತವೆ, ಕಾಲನಿ ಉಳಿಯುವುದು ಸಂಶಯ ಎಂದೆ. ಬಸವಕಲ್ಯಾಣದ ಗಲ್ಲಿಯನ್ನು ಎಬ್ಬಿಸಲೇಬೇಕು, ಆದರೆ ಚದುರಿಸಬಾರದು ಎಂದೆ. ಚೀಟಿ ಬಿಟ್ಟರೆ ದೂರು ಬರುತ್ತವೆ ಎಂದು ಕೆಲವರು ವಾದಿಸಿದರು. ವಾದ ಬಹಳ ದಿನ ನಡೆಯಿತು. ಕೊನೆಗೆ ನಾರಾಯಣಪುರದ ದಾರಿಯಲ್ಲಿ ಮನೆಗಳು ಎದುರುಬದುರಾಗಿಯೇ ಎದ್ದವು, ಯಾರ ಪಕ್ಕ ಯಾರು ಎಂಬುದನ್ನು ಗಲ್ಲಿಯವರೇ ಹೇಳಿದರು. ಅಷ್ಟರಲ್ಲಿ ಎರಡು ಮಳೆಗಾಲ ಹೋಗಿದ್ದವು. ಆ ಎರಡೂ ಮಳೆಗಾಲದಲ್ಲಿ ಗುಲಬರ್ಗಾದಲ್ಲಿ ಕುಳಿತು ನಾನು ಪ್ರತಿ ಗುಡುಗಿಗೂ ಆ ಗಲ್ಲಿಯ ಕಡೆಗೆ ಕಿವಿಯಾಗುತ್ತಿದ್ದೆ. ಗುರಮ್ಮ ಹೊಸ ಮನೆ ನೋಡಲಿಲ್ಲ. ಶೆಡ್ಡಿನಲ್ಲೇ, ಎಲ್ಲರ ನಡುವೆ, ವಯಸ್ಸಾಗಿ ಹೋದರು.

ಇದೆಲ್ಲ ಆಮೇಲಿನ ಮಾತು. ಆ ದಿನ ದವಾಖಾನೆಯಿಂದ ಇಬ್ಬರನ್ನೂ ಕಾಲನಿಗೆ ಮುಟ್ಟಿಸಿ, ಬಸ್ಸಿಗೆ ಹೊತ್ತಾಯಿತೆಂದು ಅದೇ ಜೀಪು ಹತ್ತಿದೆ. ಹಾರೆಯ ಏಟಿಗೆ ಸೀಳಿದ ಕದವನ್ನು ಗೋಡೆಗೆ ಒರಗಿಸಿದ್ದರು. ಇನ್ನು ಕೆಲವು ದಿನ ಆ ಮನೆಗೆ ಬಾಗಿಲಿಲ್ಲ. ಮುದುಕಿ, ಒಂದು ಕಾಲಿನಲ್ಲಿ, ಬಾಗಿಲಿಲ್ಲದ ಮನೆಯಲ್ಲಿ ಹೇಗೆ ಇದ್ದಾಳು? ಜೀಪು ಹೆದ್ದಾರಿಗೆ ತಿರುಗುವಾಗ ಹಿಂದಕ್ಕೆ ನೋಡಿದೆ. ರತ್ನಾಬಾಯಿ ತನ್ನದೊಂದು ಹಳೆಯ ಸೀರೆಯನ್ನು ತಂದು, ತುದಿಗಾಲಲ್ಲಿ ನಿಂತು, ಕಾಶೀಬಾಯಿಯ ಚೌಕಟ್ಟಿಗೆ ಪರದೆಯಾಗಿ ಕಟ್ಟುತ್ತಿದ್ದಳು. ಒಂದು ತುದಿ ಗಂಟಾಗಿತ್ತು. ಇನ್ನೊಂದು ತುದಿ ಗಾಳಿಗೆ ಹಾರಿ ಹಾರಿ ಅವಳ ಕೈಗೆ ಸಿಗದೆ ಇತ್ತು. ಒಳಗಿನಿಂದ ಒಂದು ಕೈ ಮೇಲೆ ಬಂದು ಅದನ್ನು ಹಿಡಿದುಕೊಟ್ಟಿತು.